ಬರೆಯದ ಏಟಿಗೆ ಸಾಕ್ಷಿ ಯಾರು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಸಂಘದ ವಾರದ ಸಭೆಯಲ್ಲಿ ಹತ್ತು ರೂಪಾಯಿ ಉಳಿತಾಯ ಕಟ್ಟಿದರೂ ಪುಸ್ತಕದಲ್ಲಿ ಬರೆಯುತ್ತೀರಿ. ಬರೆಯದಿದ್ದರೆ ಮುಂದೆ ತಕರಾರು ಬರುತ್ತದೆಂದು ನಿಮಗೆ ಗೊತ್ತು. ಅದೇ ಸಭೆಗೆ ಒಬ್ಬಾಕೆ ಕೆನ್ನೆ ಊದಿಸಿಕೊಂಡು ಬಂದು 'ಬಚ್ಚಲಲ್ಲಿ ಜಾರಿಬಿದ್ದೆ' ಎಂದರೆ ನಾವು ಮತ್ತೆ ಕೇಳುವುದಿಲ್ಲ. ಈ ಬರೆಯದ ಲೆಕ್ಕದ ಬಗ್ಗೆಯೇ ಇವತ್ತು ನನ್ನ ಮಾತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದೇ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಹಿಂಸೆಗೆ ಒಳಗಾದ ನೂರು ಹೆಂಗಸರಲ್ಲಿ 77 ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಕೊಂಡಿಲ್ಲ. ಠಾಣೆ ಹಾಗಿರಲಿ, ತಾಯಿಗೂ ಹೇಳಿಲ್ಲ!

ಈ ಮೌನದ ಬೆಲೆ ಏನು? 1986ರಲ್ಲಿ ವರದಕ್ಷಿಣೆ ಸಾವಿನ ಕಾನೂನು ಬಂತು. ಇಂದು ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಸುಟ್ಟಗಾಯದಿಂದಲೋ ಅಸಹಜವಾಗಿಯೋ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಬೇಕು. ಏನನ್ನು ತೋರಿಸುವುದು? ಆಸ್ಪತ್ರೆ ಚೀಟಿಯಲ್ಲಿ 'ಬಿದ್ದ ಗಾಯ' ಎಂದಿರುತ್ತದೆ. ಠಾಣೆಯಲ್ಲಿ ದೂರಿಲ್ಲ. ಪಕ್ಕದ ಮನೆಯವರು 'ನಮಗೇನೂ ಕೇಳಿಸಲಿಲ್ಲ' ಎನ್ನುತ್ತಾರೆ. ಆಗ ಗಂಡನ ವಕೀಲರು ಕೇಳುವುದು ಒಂದೇ ಪ್ರಶ್ನೆ: 'ಕಷ್ಟವಿದ್ದಿದ್ದರೆ ಒಂದು ದಿನವಾದರೂ ದೂರು ಕೊಡುತ್ತಿರಲಿಲ್ಲವೆ?' ಬದುಕಿದ್ದಾಗ ಮನೆಯ ಮಾನ ಕಾಯಲು ಅವಳು ಸಹಿಸಿದ ಮೌನ, ಸತ್ತ ಮೇಲೆ ಅವಳ ವಿರುದ್ಧವೇ ಸಾಕ್ಷಿಯಾಗುತ್ತದೆ.

ಅಲ್ಲಿಗೇ ಮುಗಿಯುವುದಿಲ್ಲ. ಸ್ಟೌವ್ ಸಿಡಿಯಿತೆಂದು ಫೈಲು ಮುಚ್ಚಿದ ಮನೆಗೆ ಮತ್ತೊಂದು ಹೆಣ್ಣು ಸೊಸೆಯಾಗಿ ಹೋಗುತ್ತದೆ. ವಿಚಾರಿಸಿದರೆ 'ಒಳ್ಳೆ ಮನೆತನ, ಒಂದು ಕೇಸೂ ಇಲ್ಲ' ಎಂಬ ಉತ್ತರ. ಹೊಡೆದು ದಕ್ಕಿಸಿಕೊಂಡವನನ್ನು ನೋಡಿ ಮಗ ಕಲಿಯುತ್ತಾನೆ. ಸುಮ್ಮನಿದ್ದ ತಾಯಿಯನ್ನು ನೋಡಿ ಮಗಳು ಕಲಿಯುತ್ತಾಳೆ. ಊರಲ್ಲಿ ದೂರುಗಳಿಲ್ಲವೆಂದರೆ ಸಾಂತ್ವನ ಕೇಂದ್ರ ಏಕೆ ಬೇಕು, ಮಹಿಳಾ ಪೊಲೀಸರು ಏಕೆ ಬೇಕು ಎಂದು ಕೇಳುವವರಿಗೂ ಅನುಕೂಲ.

ಹಾಗೆಂದು ಸುಮ್ಮನಿರುವ ಹೆಣ್ಣನ್ನು ದೂರಬೇಡಿ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂದು ತವರು ಬಾಗಿಲು ಹಾಕಿಕೊಂಡರೆ ಅವಳು ಹೋಗುವುದೆಲ್ಲಿಗೆ? ಠಾಣೆಗೆ ಹೋದರೆ 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂದು ವಾಪಸು ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ತಂದೆತಾಯಿಗೆ ಇನ್ನೊಂದು ಭಯ: 1961ರ ಕಾಯಿದೆಯಲ್ಲಿ ವರದಕ್ಷಿಣೆ ಕೊಡುವುದೂ ಅಪರಾಧ, ದೂರು ಕೊಟ್ಟರೆ ನಮ್ಮನ್ನೇ ಹಿಡಿದಾರು ಎಂದು. ಆದರೆ ನೊಂದವರು ಕೊಡುವ ಹೇಳಿಕೆಯ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ. ಅದೇ ಕಾಯಿದೆಯ 7ನೇ ಕಲಂ ಈ ರಕ್ಷಣೆ ಕೊಟ್ಟಿದೆ. ಈ ಮಾತನ್ನು ಮನೆಮನೆಗೆ ಮುಟ್ಟಿಸಿ.

ಹಾಗಾದರೆ ನಾವೇನು ಮಾಡಬಹುದು? ಪೊಲೀಸರ ಹತ್ತಿರ ಹೋಗಲು ಹೆದರುವವಳಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. ಅವಳೇ ಹೋಗಬೇಕೆಂದಿಲ್ಲ, ನೆರೆಯವರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. 181ಕ್ಕೆ ಫೋನ್ ಮಾಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ. ಡಾಕ್ಟರರ ಮುಂದೆ 'ಗಂಡ ಹೊಡೆದ' ಎಂದೇ ಹೇಳಿ ಬರೆಸಿ. ಒಬ್ಬಳೇ ಹೋಗಲು ಅಂಜಿದರೆ ಇಬ್ಬರು ಜೊತೆಗೆ ಹೋಗಿ. ಆ ಚೀಟಿ ಅವಳ ಮನೆಯಲ್ಲಿ ಉಳಿಯುವುದಿಲ್ಲವೆಂದರೆ, ಅವಳು ಒಪ್ಪಿದರೆ, ನಂಬಿಕಸ್ಥ ಗೆಳತಿ ಇಟ್ಟುಕೊಳ್ಳಲಿ. ಅವಳ ವಿಷಯ ಊರ ಬಾಯಿಗೆ ಬೀಳದಂತೆ ಕಾಯುವುದೂ ನಿಮ್ಮ ಕೆಲಸವೇ.

ಕೊನೆಗೆ ಒಂದು ಕಹಿ ಮಾತು. ಸಂಘದ ಸಾಲದ ಪುಸ್ತಕ ತೆರೆದು ನೋಡಿ. 'ಮದುವೆ ಖರ್ಚು' ಎಂದು ಬರೆದಿರುವುದರಲ್ಲಿ ವರದಕ್ಷಿಣೆ ಎಷ್ಟು? ನಾವು ಬೆವರು ಸುರಿಸಿ ಕೂಡಿಟ್ಟ ಹಣ ಬೈಕು, ಬಂಗಾರವಾಗಿ ಗಂಡಿನ ಮನೆ ಸೇರುತ್ತಿದ್ದರೆ, ಅಪರಾಧದ ಮೊದಲ ಕಂತನ್ನು ನಾವೇ ಕಟ್ಟಿದ ಹಾಗಾಯಿತು. ವರದಕ್ಷಿಣೆಗೆ ಸಾಲವಿಲ್ಲ ಎಂದು ಮುಂದಿನ ಸಭೆಯಲ್ಲೇ ಠರಾವು ಮಾಡಿ, ಎಲ್ಲರೂ ಸಹಿ ಹಾಕಿ.