ಮಕ್ಕಳಿಗೆ ಏನೆಂದು ಹೇಳುವುದು?

ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯೆಂದು ನಿಶ್ಚಯವಾದರೆ ನಾವು ಮಾಡುವ ಮೊದಲ ಕೆಲಸ ಮಕ್ಕಳೆದುರು ದನಿ ತಗ್ಗಿಸುವುದು. ಕೇಳುಗರಲ್ಲಿ ಅನೇಕರಿಗೆ ಇದು ಅನುಭವದ ಮಾತೇ ಇರಬಹುದು. ನನಗೆ ಹರ್ನಿಯಾದ ಚಿಕಿತ್ಸೆ ಆಗಬೇಕೆಂದು ವೈದ್ಯರು ತಿಳಿಸಿದಾಗ ನಮ್ಮಲ್ಲಿಯೂ ಹಾಗೆಯೇ ಆಯಿತು. ಅದೇನೂ ದೊಡ್ಡ ಚಿಕಿತ್ಸೆಯಲ್ಲ. ಆದರೂ ಮಕ್ಕಳ ಕಿವಿಗೆ ಕೊಯ್ಯುವ ಮಾತು ಬೀಳಕೂಡದೆಂದು ನನ್ನ ತಾಯಿ ಅಪ್ಪಣೆಯಿತ್ತರು. ಒಂಬತ್ತು ವರ್ಷದ ಮಗನನ್ನೂ ಆರು ವರ್ಷದ ಮಗಳನ್ನೂ ಕರೆದು, ಕೆಲಸದ ಮೇಲೆ ಮೂರು ದಿನ ಊರಿಗೆ ಹೋಗಿಬರುತ್ತೇನೆ ಎಂದೆ.

ಮಗಳು ನನ್ನ ಮುಖವನ್ನೇ ನೋಡಿ, "ತಾತ ಹೋದ ಊರಿಗಾ?" ಎಂದು ಕೇಳಿದಳು.

ಅದಕ್ಕೆ ಒಂದೂವರೆ ವರ್ಷ ಮುಂಚೆ ನನ್ನ ತಂದೆಯವರನ್ನು ಆಸ್ಪತ್ರೆಗೆ ಸೇರಿಸಿದಾಗ, ತಾತ ಊರಿಗೆ ಹೋಗಿದ್ದಾರೆಂದು ಅವಳಿಗೆ ಹೇಳಿದ್ದೆವು. ಅವರು ಮರಳಲಿಲ್ಲ. ಹೇಳಿದ ಮಾತನ್ನು ನಾವು ಮರೆತಿದ್ದೆವು, ಮಗು ಮರೆತಿರಲಿಲ್ಲ.

ನಿಜವನ್ನೇ ಹೇಳಬೇಕೆಂದು ಹೊರಟಾಗ ತಿಳಿದದ್ದು, ನನಗೇ ಅದು ಸರಿಯಾಗಿ ಗೊತ್ತಿಲ್ಲವೆಂಬುದು. ಮರುದಿನ ವೈದ್ಯರಲ್ಲಿಗೆ ಹೋಗಿ, ಮೊದಲ ಸಲ ಸಂಕೋಚದಿಂದ ಕೇಳದೆ ಬಿಟ್ಟದ್ದನ್ನೆಲ್ಲ ಕೇಳಿಕೊಂಡು ಬಂದೆ.

ಹಿತ್ತಿಲಲ್ಲಿ ಮಗನ ಹಳೆಯ ಸೈಕಲ್ಲಿತ್ತು. ಅದರ ಟೈರು ಒಂದೆಡೆ ಸವೆದು ಸೀಳಿ, ಒಳಗಿನ ಟ್ಯೂಬು ಗುಳ್ಳೆಯಂತೆ ಹೊರಕ್ಕೆ ಉಬ್ಬಿತ್ತು. ಅದನ್ನೇ ತೋರಿಸಿದೆ. ಹೊಟ್ಟೆಯ ಸುತ್ತಣ ಮಾಂಸಖಂಡದ ಗೋಡೆ ಟೈರಿನಂತೆ. ಒಳಗಿನ ಕರುಳು ಟ್ಯೂಬಿನಂತೆ. ತೊಡೆಯ ಸಂದಿನ ಬಳಿ ಆ ಗೋಡೆ ಸಡಿಲವಾದರೆ ಕರುಳಿನ ಒಂದು ಭಾಗ ಅಲ್ಲಿಂದ ತಳ್ಳಿಕೊಂಡು ಬರಬಹುದು. ಕೆಮ್ಮಿದಾಗ, ಭಾರ ಎತ್ತಿದಾಗ ಉಬ್ಬು ಹೆಚ್ಚುತ್ತದೆ. ಮಲಗಿದಾಗ ಸಾಮಾನ್ಯವಾಗಿ ಒಳಗೆ ಸರಿಯುತ್ತದೆ. ಕರುಳು ಅಲ್ಲಿಯೇ ಸಿಕ್ಕಿಬಿದ್ದು ಅದಕ್ಕೆ ರಕ್ತ ಹರಿಯುವುದು ನಿಂತರೆ ಅಪಾಯ. ಆದ್ದರಿಂದ ಮೊದಲೇ ಅದನ್ನು ಒಳಗೆ ಸೇರಿಸಿ ಗೋಡೆಯನ್ನು ಭದ್ರಪಡಿಸುತ್ತಾರೆ. ಇಟಲಿಯ ಬಾಸ್ಸಿನಿ ಎಂಬ ವೈದ್ಯ 1880ರ ದಶಕದಲ್ಲಿ ಆ ಗೋಡೆಯನ್ನು ಹೊಲಿದು ಗಟ್ಟಿಮಾಡುವ ಕ್ರಮವನ್ನು ರೂಢಿಗೆ ತಂದ. ಈಗ ಸಾಮಾನ್ಯವಾಗಿ ಸೊಳ್ಳೆಪರದೆಯಂತೆ ಕಾಣುವ ಬಲೆಯ ತುಂಡೊಂದನ್ನು ಇಡುತ್ತಾರೆ. "ಸೈಕಲ್ ಶಾಪಿನವನು ಟೈರಿನ ಒಳಗೆ ಹಳೇ ಟೈರಿನ ತುಂಡು ಇಡ್ತಾನಲ್ಲ, ಹಾಗೆ!" ಎಂದ ಮಗ. ನನ್ನ ಉಪಮೆಯನ್ನು ಅವನೇ ಪೂರ್ತಿಮಾಡಿದ.

ಕೊಯ್ದರೆ ನೋವಾಗದೆ ಎಂಬುದು ಮುಂದಿನ ಪ್ರಶ್ನೆ. ನಿದ್ದೆ ಬರಿಸುತ್ತಾರೆ ಎನ್ನಲು ಬಾಯಿತೆರೆದವನು ತಡೆದುಕೊಂಡೆ. ತಾತನನ್ನು ಕೊನೆಯ ಸಲ ತೋರಿಸುವಾಗ 'ಮಲಗಿದ್ದಾರೆ' ಎಂದವರೂ ನಾವೇ ಅಲ್ಲವೆ? ಅಲ್ಲದೆ ನನಗೆ ಆಗಲಿದ್ದುದು ಸೊಂಟದಿಂದ ಕೆಳಗಿನ ಅರಿವಳಿಕೆ. ಮದುವೆಯ ಊಟದ ಪಂಕ್ತಿಯಲ್ಲಿ ಬಹಳ ಹೊತ್ತು ಕುಳಿತರೆ ಕಾಲು ಜೋಮು ಹಿಡಿಯುತ್ತದಲ್ಲ, ಬೆನ್ನಿಗೆ ಸೂಜಿ ಚುಚ್ಚಿ ಮದ್ದು ಕೊಟ್ಟರೆ ಅದಕ್ಕಿಂತ ಹೆಚ್ಚಿನ ಜೋಮು; ಕೆಲವು ಗಂಟೆಗಳಲ್ಲಿ ಅದು ಇಳಿಯುತ್ತದೆ ಎಂದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಎಂಬ ವೈದ್ಯ ಈ ಕ್ರಮವನ್ನು ಪರೀಕ್ಷಿಸಲು ತನ್ನ ಬೆನ್ನನ್ನೂ ಒಡ್ಡಿದ, ತನ್ನ ಸಹಾಯಕನ ಬೆನ್ನಿಗೂ ಚುಚ್ಚಿದ. ಆಮೇಲೆ ಸಹಾಯಕನ ಕಾಲಿಗೆ ಸುತ್ತಿಗೆಯಿಂದ ಬಡಿದು ನೋಡಿದ. ಆಗ ನೋವಾಗಲಿಲ್ಲವಂತೆ; ಬಿಯರನಿಗೆ ಹಲವು ದಿನ ತಲೆನೋವು. ಈ ಕಥೆಯನ್ನು ಮೂರು ಸಲ ಹೇಳಬೇಕಾಯಿತು.

ಎಲ್ಲ ತಿಳಿಸಿದೆನೆಂಬ ಸಮಾಧಾನದಲ್ಲಿ ನಾನಿದ್ದೆ. ರಾತ್ರಿ ದೀಪ ಆರಿಸಿದ ಮೇಲೆ ಮಗಳು ಮೆಲ್ಲಗೆ ಕೇಳಿದಳು: "ಜಾತ್ರೇಲಿ ನನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ದಕ್ಕೇ ಹೀಗಾಯ್ತಾ ಅಪ್ಪಾ?" ಭಾರ ಎತ್ತಿದರೆ ಉಬ್ಬುತ್ತದೆಂದು ಹೇಳಿದವನು ನಾನೇ. ಆ ಮಾತು ಅವಳಲ್ಲಿ ಎಲ್ಲಿಗೆ ಹೋಗಿ ನಾಟಿತ್ತು ನೋಡಿ! ಆ ಉಬ್ಬು ಜಾತ್ರೆಗೆ ಎಷ್ಟೋ ಮೊದಲೇ ಇತ್ತು, ನಾನೇ ಉದಾಸೀನ ಮಾಡಿದ್ದೆ ಎಂದೆ. ಅದು ನಿಜವೂ ಆಗಿತ್ತು. ಅವಳು ಕೇಳದೇ ಇದ್ದಿದ್ದರೆ ಆ ಮಾತು ನನಗೆ ಹೊಳೆಯುತ್ತಲೇ ಇರಲಿಲ್ಲ.

ಕತ್ತಲಲ್ಲೇ ಮಗನ ದನಿ: "ನೀನು ಖಂಡಿತ ವಾಪಸು ಬರ್ತೀಯಾ?"

ಖಂಡಿತ ಎಂದುಬಿಡುವುದು ಸುಲಭವಿತ್ತು. "ಈ ಚಿಕಿತ್ಸೆ ವೈದ್ಯರಿಗೆ ಬಹಳ ರೂಢಿಯಾದದ್ದು, ಹೋದವರು ಮನೆಗೆ ಬಂದೇ ಬರುತ್ತಾರೆ ಎಂದು ಹೆಚ್ಚುಕಡಿಮೆ ಹೇಳಬಹುದು. ನಾನೂ ಬರುತ್ತೇನೆಂದೇ ನಂಬಿದ್ದೇನೆ. ಏನೇ ಆಗಲಿ, ಅಮ್ಮ ನಿಮಗೆ ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ 'ಹೆಚ್ಚುಕಡಿಮೆ' ಅನ್ನೋದು ಯಾಕೆ?" ಎಂದ. ಅದಕ್ಕೆ ಉತ್ತರ ಹೊಳೆಯದೆ ಅವನ ಕೈ ಹಿಡಿದುಕೊಂಡೆ. ಪಕ್ಕದ ಕೋಣೆಯಲ್ಲಿ ನನ್ನ ತಾಯಿಗೂ ನಿದ್ದೆ ಬಂದಿರಲಿಲ್ಲವೆಂದು ಕಾಣುತ್ತದೆ; ಮರುದಿನ ಅವರು ಏನೂ ಆಕ್ಷೇಪಿಸಲಿಲ್ಲ.

ನಾನು ಆಸ್ಪತ್ರೆಯಲ್ಲಿದ್ದಾಗ ನೆರೆಮನೆಯಾಕೆ ಬಂದು ನಾನೆಲ್ಲಿ ಎಂದು ವಿಚಾರಿಸಿದರಂತೆ. ತಾಯಿ ಅಭ್ಯಾಸಬಲದಿಂದ "ಊರಿಗೆ..." ಎಂದು ತೊಡಗುವಷ್ಟರಲ್ಲಿ ಮಗಳು ಒಳಗಿನಿಂದ ಓಡಿಬಂದು, "ಇಲ್ಲ ಅಜ್ಜೀ, ಅಪ್ಪ ಟೈರು ರಿಪೇರಿ ಮಾಡಿಸ್ಕೊಳ್ಳೋಕೆ ಹೋಗಿದಾರೆ, ನಾಳೆ ಬರ್ತಾರೆ" ಎಂದಳಂತೆ.