ಮೀಟರು ತಪ್ಪು ಹೇಳಿದಾಗ: ಲೀಥಿಯಂ ಬ್ಯಾಟರಿಯ ಲೆಕ್ಕ ನೋಡುವ ಬಗೆ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆ ಕಲ್ಲಿನ ಸೀಮೆ. ಶಹಾಬಾದಿನ ಹಾಸುಗಲ್ಲು ದೂರದೂರದ ಮನೆಗಳ ನೆಲಕ್ಕೆ ಹೋಯಿತು. ವಾಡಿ, ಸೇಡಂಗಳ ಸುಣ್ಣದ ಕಲ್ಲು ಸಿಮೆಂಟಾಯಿತು. ಅಗೆದ ಕುಳಿ ಮಾತ್ರ ಊರ ಮಗ್ಗುಲಲ್ಲಿಯೇ ಉಳಿಯಿತು. ನೆಲದಿಂದ ತೆಗೆದ ವಸ್ತುವನ್ನು ಆಯುಷ್ಯ ತೀರುವ ಮೊದಲೇ ಎಸೆಯಬಾರದೆಂಬುದನ್ನು ಈ ಸೀಮೆಯವರಿಗೆ ಯಾರೂ ಬೋಧಿಸಬೇಕಾಗಿಲ್ಲ.

ತೊಗರಿಗೆ ಔಷಧಿ ಹೊಡೆಯುವ ಪಂಪು, ಸೌರದೀಪ, ವಿದ್ಯುತ್ ಸ್ಕೂಟರು ಇವುಗಳಲ್ಲಿ ಇಂದು ಲೀಥಿಯಂ-ಅಯಾನ್ ಬ್ಯಾಟರಿ ಬಂದು ಕುಳಿತಿದೆ. ಅದರ ಮೀಟರು ಶೇಕಡಾ 40 ಎಂದು ತೋರಿಸುತ್ತಿರುವಾಗಲೇ ಪಂಪು ನಿಲ್ಲುತ್ತದೆ. ಸೊನ್ನೆ ಎಂದ ಮೇಲೂ ದೀಪ ಉರಿಯುತ್ತದೆ. ಒಬ್ಬನು ಮೀಟರನ್ನು ನಂಬಿ ಒಳ್ಳೆಯ ಬ್ಯಾಟರಿಯನ್ನು ಗುಜರಿಗೆ ಹಾಕುತ್ತಾನೆ. ಇನ್ನೊಬ್ಬನು ಅದೇ ಮೀಟರನ್ನು ನಂಬಿ ಚಿಂಚೋಳಿಯಿಂದ ಕುಂಚಾವರಂ ಕಾಡಿನ ದಾರಿ ಹಿಡಿದು ನಡುದಾರಿಯಲ್ಲಿ ನಿಲ್ಲುತ್ತಾನೆ.

ಮೀಟರು ತಪ್ಪುವುದೇಕೆ? ಹಿಂದಿನವರ ಹಗೇವನ್ನು ನೆನೆಯಿರಿ. ನೆಲದೊಳಗಿನ ಹಗೇವಿನಲ್ಲಿ ಜೋಳ ಎಷ್ಟಿದೆಯೆಂದು ಮೇಲಿನಿಂದ ಕಾಣುವುದಿಲ್ಲ. ಹಾಕಿದ ಚೀಲ, ತೆಗೆದ ಚೀಲಗಳ ಲೆಕ್ಕದಿಂದಲೇ ಉಳಿದದ್ದನ್ನು ತಿಳಿಯಬೇಕು. ಬ್ಯಾಟರಿಯ ಮೀಟರೂ ಹೀಗೆಯೇ ಒಳಹೋದ, ಹೊರಬಂದ ವಿದ್ಯುತ್ತನ್ನು ಎಣಿಸುತ್ತದೆ. ಎಣಿಕೆಯಲ್ಲಿ ಸಣ್ಣ ತಪ್ಪಿದ್ದರೂ ಅದು ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಬರೀ 5 ಮಿಲಿ ಆಂಪಿಯರಿನ ತಪ್ಪು 30 ದಿನಗಳಲ್ಲಿ 3.6 ಆಂಪಿಯರ್-ಗಂಟೆಯಾಗುತ್ತದೆ. 30 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಶೇಕಡಾ 12.

ಎರಡನೆಯದು, ಹಗೇವೇ ಕುಸಿದು ಕಿರಿದಾಗುವುದು. ಬಳಕೆಯಿಂದಲೂ ಬಿಸಿಯಿಂದಲೂ ಬ್ಯಾಟರಿಯ ಧಾರಣಶಕ್ತಿ ಕುಗ್ಗುತ್ತದೆ. 30 ಇದ್ದದ್ದು 24 ಆದರೂ ಮೀಟರು 30ರ ಲೆಕ್ಕವನ್ನೇ ಹಿಡಿದಿದ್ದರೆ, ಒಳಗೆ ಬರಿದಾದಾಗ ಮುಖದ ಮೇಲೆ ಶೇಕಡಾ 20 ಕಾಣುತ್ತದೆ.

ಕೆಲವು ಅಗ್ಗದ ಮೀಟರುಗಳು ಎಣಿಸುವುದೇ ಇಲ್ಲ, ವೋಲ್ಟೇಜನ್ನಷ್ಟೇ ನೋಡುತ್ತವೆ. ಲೀಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ಈ ಉಪಾಯ ಸಾಗದು. ಚಾರ್ಜು ಬಹುಪಾಲು ಇಳಿಯುವವರೆಗೂ ಅದರ ಪ್ರತಿ ಕೋಶ ಸುಮಾರು 3.2–3.3 ವೋಲ್ಟಿನಲ್ಲಿಯೇ ನಿಂತು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ.

ಮೂರನೆಯದು, ಒಂದೇ ಒಂದು ಕೋಶದ ದೌರ್ಬಲ್ಯ. ಸಾಲಾಗಿ ಜೋಡಿಸಿದ 16 ಕೋಶಗಳಲ್ಲಿ 15 ಕೋಶಗಳು 3.2 ವೋಲ್ಟಿನಲ್ಲಿದ್ದು ಒಂದು 2.5ಕ್ಕೆ ಇಳಿದರೆ ಒಟ್ಟು 50.5 ವೋಲ್ಟ್. ಎಲ್ಲವೂ ಸರಿಯಿದ್ದಾಗ 51.2. ಹೊರಗಿನಿಂದ ನೋಡಿದರೆ ವ್ಯತ್ಯಾಸ ತೋರದು. ಆದರೆ ಒಳಗಿನ ರಕ್ಷಣಾ ಮಂಡಲವು ಆ ಒಂದು ಕೋಶಕ್ಕಾಗಿ ಇಡೀ ಬ್ಯಾಟರಿಯನ್ನು ನಿಲ್ಲಿಸುತ್ತದೆ.

ಹಾಗಾದರೆ ದೋಷ ಮೀಟರಿನದೋ ಬ್ಯಾಟರಿಯದೋ ಎಂದು ತಿಳಿಯುವ ದಾರಿ ಯಾವುದು? ಗಡಿಯಾರ ಸಾಕು. 12.8 ವೋಲ್ಟ್, 12 ಆಂಪಿಯರ್-ಗಂಟೆ ಎಂದು ಬರೆದ ಬ್ಯಾಟರಿಯಲ್ಲಿರುವುದು ಸುಮಾರು 150 ವ್ಯಾಟ್-ಗಂಟೆ. ಪೂರ್ಣ ಚಾರ್ಜು ಮಾಡಿ, ಎರಡು ತಾಸು ಸುಮ್ಮನೆ ಬಿಟ್ಟು, 10 ವ್ಯಾಟಿನ ದೀಪ ಹಚ್ಚಿರಿ. 15 ತಾಸಿನ ಸಮೀಪ ಉರಿಯಬೇಕು. 14 ತಾಸು ಉರಿದು, ಮೀಟರು ಮಾತ್ರ 8ನೆಯ ತಾಸಿಗೇ ಸೊನ್ನೆ ತೋರಿದರೆ ದೋಷ ಮೀಟರಿನದು. 9 ತಾಸಿಗೆ ದೀಪವೇ ಆರಿದರೆ ಕೋಶಗಳು ಬಳಲಿವೆ, ಇಲ್ಲವೇ ಅವುಗಳಲ್ಲೊಂದು ಸೋತಿದೆ.

ದೋಷ ಮೀಟರಿನದಾದರೆ ಪರಿಹಾರ ಸುಲಭ. ಚಾರ್ಜರು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಒಂದೆರಡು ತಾಸು ವಿಶ್ರಾಂತಿ ಕೊಟ್ಟು, ತಾನಾಗಿ ಕಡಿಯುವವರೆಗೆ ಹಗುರವಾಗಿ ಬಳಸಿ, ಮತ್ತೆ ಕೆಲ ತಾಸು ಬಿಟ್ಟು, ಪುನಃ ಪೂರ್ತಿ ತುಂಬಿಸಬೇಕು. ಎಣಿಸುವ ಮೀಟರು ಆಗ ತನ್ನ ಎರಡು ತುದಿಗಳನ್ನೂ ಹೊಸದಾಗಿ ಗುರುತಿಸಿಕೊಳ್ಳುತ್ತದೆ. ಇದನ್ನು ಹಲವು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಪದೇ ಪದೇ ಬರಿದು ಮಾಡಿದರೆ ಬ್ಯಾಟರಿಯೇ ಸವೆಯುತ್ತದೆ.

ಏರು ಹತ್ತುವಾಗ ಮೀಟರು ಇಳಿದು, ನಿಂತ ಮೇಲೆ ಮತ್ತೆ ಏರಿದರೆ ಮೊದಲು ಜೋಡಣೆಗಳನ್ನು ನೋಡಿರಿ. ಸಡಿಲವಾದ, ಧೂಳು ತುಂಬಿದ ಕೂಡುತುದಿಯಲ್ಲಿ 50 ಮಿಲಿ ಓಮ್ ಅಡ್ಡಿಯಿದ್ದರೆ, 20 ಆಂಪಿಯರ್ ಹರಿಯುವಾಗ ಅಲ್ಲಿಯೇ ಒಂದು ವೋಲ್ಟು ನಷ್ಟವಾಗುತ್ತದೆ. ಆ ತುದಿ ಬಿಸಿಯಾಗುತ್ತದೆ. ಬ್ಯಾಟರಿಯನ್ನು ಬಿಡಿಸಿಟ್ಟು ಒಣ ಬಟ್ಟೆಯಿಂದ ಒರೆಸಿ ಬಿಗಿ ಮಾಡಿರಿ.

ಕಲಬುರಗಿಯ ಬೇಸಿಗೆ 40 ಡಿಗ್ರಿಯನ್ನು ದಾಟುತ್ತದೆ. ತಗಡಿನ ಮಾಳಿಗೆಯ ಕೆಳಗೆ ಕಾವು ಇನ್ನೂ ಹೆಚ್ಚು. ಹಲವು ಬ್ಯಾಟರಿಗಳು 45 ಡಿಗ್ರಿಯ ಮೇಲೆ ಚಾರ್ಜನ್ನು ತಾವೇ ತಡೆಯುತ್ತವೆ. ಮೇ ತಿಂಗಳ ಮಧ್ಯಾಹ್ನ ಮೀಟರು 80ರಲ್ಲಿ ನಿಂತರೆ ಅದು ದೋಷವಲ್ಲ, ರಕ್ಷಣೆ. ತಂಪು ಹೊತ್ತಿನಲ್ಲಿ ಚಾರ್ಜಿಗೆ ಹಚ್ಚಿರಿ. ಬೆಳಗಿನ ತಂಪಿನಲ್ಲಿಯೂ ಹಾಗೆಯೇ ನಿಂತರೆ ಬಿಸಿ ಅಳೆಯುವ ಸಂವೇದಕವನ್ನು ಪರೀಕ್ಷಿಸಬೇಕು.

ಮೀಟರು ಏನೇ ಹೇಳಲಿ, ಬ್ಯಾಟರಿ ಉಬ್ಬಿದರೆ, ವಾಸನೆ ಬಂದರೆ, ಸುಮ್ಮನಿದ್ದೂ ಬಿಸಿಯಾದರೆ ಅದರ ಬಳಕೆಯನ್ನು ನಿಲ್ಲಿಸಿ ಮನೆಯಿಂದ ದೂರ ಬಯಲಿನಲ್ಲಿಡಿರಿ. ಬಿಚ್ಚುವುದೂ, ಚುಚ್ಚುವುದೂ, ಸುಡುವುದೂ ಬೇಡ. ಕೋಶಗಳನ್ನು ಒಂದೊಂದಾಗಿ ಅಳೆಯುವುದು ಕಲಿತ ಕೈಯ ಕೆಲಸ.

ಆಯುಷ್ಯ ನಿಜವಾಗಿ ಮುಗಿದ ಬ್ಯಾಟರಿಗೂ ಒಂದು ದಾರಿಯಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಮನೆಯ ಕಸದೊಡನೆ ಬೆರೆಸದೆ ಒಪ್ಪಿಸುವುದು ಬಳಕೆದಾರರ ಕರ್ತವ್ಯ.

ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣದ ನೆಲದಲ್ಲಿ 1,600 ಟನ್ ಲೀಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ಬೇಡಿಕೆ ಬೆಳೆದಂತೆ ಇಂಥ ಇನ್ನೂ ಹಲವು ನೆಲಗಳ ಮೇಲೆ ಕಣ್ಣು ಬೀಳುವುದು ಸಹಜ. ಮೀಟರಿನ ತಪ್ಪಿಗಾಗಿ ಎಸೆದ ಪ್ರತಿಯೊಂದು ಬ್ಯಾಟರಿಯ ಜಾಗಕ್ಕೆ ಬರುವ ಹೊಸತು ಎಲ್ಲೋ ಒಂದು ಊರಿನ ನೆಲವನ್ನು ಅಗೆದೇ ಬರುತ್ತದೆ. ಆ ಊರು ಯಾವುದೆಂದು ಕಾಣದಿರಬಹುದು. ಕುಳಿಯ ಪಕ್ಕದ ಬದುಕು ಹೇಗಿರುತ್ತದೆಂಬುದು ಶಹಾಬಾದಿನವರಿಗೆ ಗೊತ್ತು. ಗಡಿಯಾರ ಹಿಡಿದು ಕಳೆಯುವ ಒಂದು ದಿನ ಆ ಅಗೆತವನ್ನು ಕೆಲವು ವರ್ಷ ಮುಂದೂಡಬಲ್ಲದು.