ಜಹ್ರಾದ ಬೆಂಕಿ, ಕೋಪದ ಗಡುವು



ಜಹ್ರಾದಲ್ಲಿ ನಿಂತು ಕೋಪದ ಬಗ್ಗೆ ಮಾತನಾಡುವವರು 2009ರ ಆಗಸ್ಟ್ 15ರ ರಾತ್ರಿಯನ್ನು ನೆನೆಯದಿರಲಾಗದು. ಅಂದು ಇಲ್ಲೊಂದು ಮದುವೆ ನಡೆದಿತ್ತು. ಹೆಂಗಸರು, ಮಕ್ಕಳು ಸೇರಿದ್ದ ಡೇರೆಗೆ ವರನ ಮೊದಲ ಪತ್ನಿ ಪೆಟ್ರೋಲ್ ಸುರಿದು ಬೆಂಕಿಯಿಟ್ಟಳೆಂದು ನ್ಯಾಯಾಲಯ ತೀರ್ಮಾನಿಸಿತು. ಹೊರಬರಲು ಇದ್ದುದು ಒಂದೇ ದಾರಿ. ಕೆಲವೇ ನಿಮಿಷಗಳಲ್ಲಿ ಡೇರೆ ಉರಿದುಹೋಯಿತು. 50ಕ್ಕೂ ಹೆಚ್ಚು ಜೀವಗಳು ಹೋದವು.

ಆಕೆಗೆ ನೋವಿರಲಿಲ್ಲವೆಂದು ಯಾರು ಹೇಳಿಯಾರು? ಅವನು ಎರಡನೆಯ ಮದುವೆಯಾಗುತ್ತಿದ್ದ, ಕಾನೂನು ಅವನ ಪರವಾಗಿತ್ತು. ಆದರೆ ಸತ್ತವರಲ್ಲಿ ಅವನಿರಲಿಲ್ಲ. ನನ್ನನ್ನು ಕಾಡುವುದು ಇದೇ. ಕೋಪದ ಕಾರಣ ನ್ಯಾಯವಾದುದಾಗಿದ್ದರೂ ಅದು ಹೋಗಿ ತಗಲುವುದು ಕೈಗೆ ಸುಲಭವಾಗಿ ಸಿಕ್ಕುವವರಿಗೆ. ಕಂಪನಿಯಲ್ಲಿ ನುಂಗಿಕೊಂಡ ಅವಮಾನ ಸಂಜೆ ಫ್ಲಾಟಿನಲ್ಲಿ ಮಕ್ಕಳ ಮೇಲೆ, ಮನೆಗೆಲಸದವಳ ಮೇಲೆ ಸಿಡಿಯುವುದನ್ನು ನಾವೆಲ್ಲ ಬಲ್ಲೆವು.

ಬೈಬಲಿನ ಮೊದಲ ಕೊಲೆಯೂ ಇಂಥದ್ದೇ. ಕಾಯಿನನ ಕಾಣಿಕೆಯನ್ನು ಮೆಚ್ಚದವನು ದೇವರು. ಸತ್ತವನು ತಮ್ಮ ಹೇಬೆಲ. ಪಾಪವು ಬಾಗಿಲಲ್ಲಿ ಹೊಂಚುಹಾಕಿದೆ, ನೀನು ಅದನ್ನು ಆಳಬೇಕು ಎಂಬ ಎಚ್ಚರಿಕೆ ಕೊಲೆಗೆ ಮೊದಲೇ ಅವನಿಗೆ ಬಂದಿತ್ತು. ಕೋಪ ಬಂದದ್ದೇ ಪಾಪವೆಂದು ಆ ಕಥೆ ಹೇಳುವುದಿಲ್ಲ.

ಪ್ರಗತಿಪರರಾದ ನಮಗೆ ಸಿಟ್ಟನ್ನು ಬಿಡಿ ಎಂಬ ಉಪದೇಶ ಹಿಡಿಸದು. ಹಿಡಿಸಬೇಕಾಗಿಯೂ ಇಲ್ಲ, ದಮನಿತರ ಬಾಯಿ ಮುಚ್ಚಿಸಲು ಆ ಉಪದೇಶ ಬಹಳ ಕಾಲ ಬಳಕೆಯಾಗಿದೆ, ಚರ್ಚುಗಳಲ್ಲಿಯೂ. ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸುವೂ ಕೋಪಗೊಳ್ಳುತ್ತಾನೆ. ಕೈ ಬತ್ತಿದವನೊಬ್ಬ ಎದುರಿಗಿದ್ದಾನೆ. ಸಬ್ಬತ್ ದಿನ ಯೇಸು ಅವನನ್ನು ಗುಣಪಡಿಸಿದರೆ ತಪ್ಪು ಹೊರಿಸಲು ಕೆಲವರು ಕಾದಿದ್ದಾರೆ. ಯೇಸು ಸಿಟ್ಟಿನಿಂದ ಅವರನ್ನು ನೋಡುತ್ತಾನೆ, ಅವರ ಕಲ್ಲೆದೆಗೆ ದುಃಖಿಸುತ್ತಾನೆ, ಆ ಮನುಷ್ಯನ ಕೈ ಗುಣವಾಗುತ್ತದೆ. ಸಿಟ್ಟಿನೊಳಗೆ ದುಃಖವೂ ಇತ್ತೆಂಬುದನ್ನು ಮಾರ್ಕ ಮರೆಯದೆ ಬರೆದಿದ್ದಾನೆ. ಎಫೆಸದವರಿಗೆ ಬರೆದ ಪತ್ರವಂತೂ ಕೋಪಕ್ಕೆ ಗಡುವನ್ನೇ ವಿಧಿಸುತ್ತದೆ: ಸೂರ್ಯ ಮುಳುಗುವುದರೊಳಗೆ. ಮನಸ್ಸಿನಲ್ಲಿ ಇರುಳು ಕಳೆದ ಸಿಟ್ಟು ಬೆಳಗಾಗುವ ಹೊತ್ತಿಗೆ ಯೋಜನೆಯಾಗುತ್ತದೆ.

ಕೋಪವನ್ನು ಮನೆಯೊಳಗಿನ ಕಿಚ್ಚಿಗೆ ಹೋಲಿಸಿದ ಬಸವಣ್ಣನವರು, ಅದು ನೆರೆಮನೆಗಿಂತ ಮೊದಲು ಸ್ವಂತ ಮನೆಯನ್ನೇ ಸುಡುತ್ತದೆಂದು ಕಂಡರು. ಜಹ್ರಾದಲ್ಲಿ ಈ ಕ್ರಮ ತಲೆಕೆಳಗಾಯಿತು. ನೆರೆಯವರು ನಿಮಿಷಗಳಲ್ಲಿ ಉರಿದರು; ಆಕೆಯ ಸರದಿ ಬರಲು ಏಳು ವರ್ಷಗಳಾದವು. 2017ರ ಜನವರಿ 25ರಂದು ಇನ್ನೂ ಆರು ಮಂದಿಯೊಂದಿಗೆ ಆಕೆಯನ್ನು ಗಲ್ಲಿಗೇರಿಸಲಾಯಿತು. ಅಷ್ಟರಲ್ಲಿ ಸೂರ್ಯ 2,700ಕ್ಕೂ ಹೆಚ್ಚು ಬಾರಿ ಮುಳುಗಿದ್ದ. ಪ್ರಭುತ್ವದ ಕೋಪಕ್ಕೆ ಗಡುವು ವಿಧಿಸುವವರಾರು?

ಕಥೋಲಿಕ ಸಭೆ 2018ರಲ್ಲಿ ತನ್ನ ಧರ್ಮೋಪದೇಶವನ್ನು ತಿದ್ದಿ, ಮರಣದಂಡನೆ ಯಾವ ಸಂದರ್ಭದಲ್ಲೂ ಒಪ್ಪತಕ್ಕದ್ದಲ್ಲ ಎಂದಿತು. ಬಹಳ ತಡವಾಗಿಯೇ ಎಂದಿತು ಅನ್ನಿ. ಕಾಯಿನನನ್ನು ಯಾರೂ ಕೊಲ್ಲದಿರಲೆಂದು ದೇವರು ಅವನ ಮೇಲೆ ಗುರುತಿಟ್ಟ ಮಾತು ಅದೇ ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿದೆ.